ಜಿಲ್ಲೆಯ ಜಮಾ-ಖರ್ಚು: ಒಂದಾಣೆ ಸೆಸ್ಸಿನಿಂದ ಗ್ರಾಮಸಭೆಯವರೆಗೆ

ಬಜೆಟ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಫೆಬ್ರುವರಿ 1ರ ಟಿವಿ ಚರ್ಚೆ. ಆದಾಯ ತೆರಿಗೆ ಎಷ್ಟು ಇಳಿಯಿತು, ಚಿನ್ನದ ಸುಂಕ ಎಷ್ಟಾಯಿತು, ಮೊಬೈಲ್ ಅಗ್ಗವಾಯಿತೋ ತುಟ್ಟಿಯಾಯಿತೋ ಎಂದು ನೋಡಿ ಟಿವಿ ಆರಿಸಿಬಿಡುತ್ತೇವೆ. ಆದರೆ ನಮ್ಮ ಊರಿನ ಬೋರ್‌ವೆಲ್ ಪಂಪು ಕೆಟ್ಟರೆ ಅದನ್ನು ರಿಪೇರಿ ಮಾಡಿಸುವ ದುಡ್ಡು ಯಾರ ಲೆಕ್ಕದಿಂದ ಬರುತ್ತದೆ? ಅಂಗನವಾಡಿಯ ಚಾವಣಿ ಸೋರಿದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಮುಗಿದರೆ, ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲದಿದ್ದರೆ ಕೇಳಬೇಕಾದದ್ದು ಯಾರನ್ನು? ಈ ಪ್ರಶ್ನೆಗಳಿಗೆ ಉತ್ತರ ಬಹುಪಾಲು ಜಿಲ್ಲೆಯ ಬಜೆಟ್ಟಿನಲ್ಲಿದೆ. ಹೆಂಗಸರ ದಿನಚರಿಗೆ ಅತ್ಯಂತ ಹತ್ತಿರವಾದ, ಆದರೆ ನಾವು ಅತ್ಯಂತ ಕಡಿಮೆ ಓದುವ ಬಜೆಟ್ ಇದು.

ನಾನು ಇತಿಹಾಸ ಓದಿದವಳಲ್ಲ. ಎಂಟೆಕ್ ಮುಗಿಸಿ ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿರುವವಳು. ಆದರೆ ಅಂಕಿಗಳ ಕೋಷ್ಟಕ ಕಣ್ಣಿಗೆ ಬಿದ್ದರೆ ಅದು ಎಲ್ಲಿಂದ ಬಂತು, ಯಾರು ತುಂಬಿದರು ಎಂದು ಕೆದಕುವುದು ನಮ್ಮ ವೃತ್ತಿಯ ಚಟ. ತವರಿನ ಜಿಲ್ಲೆಯ ಬಜೆಟ್ ಪುಟಗಳನ್ನು ನೋಡುತ್ತ ಹೋದ ಹಾಗೆ ಒಂದೂವರೆ ಶತಮಾನದ ಕಥೆ ತೆರೆದುಕೊಂಡಿತು. ಅದನ್ನು ನಮ್ಮ ಮಹಿಳಾ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಒಂದಾಣೆಯ ಸೆಸ್ಸು

ನಮ್ಮಲ್ಲಿ ಬಹಳ ಮಂದಿಯ ಮೂಲ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ. ಇವೆಲ್ಲ ಆಗ ಮುಂಬೈ ಪ್ರಾಂತದಲ್ಲಿದ್ದ ಜಿಲ್ಲೆಗಳು. ಅಲ್ಲಿ ಸ್ಥಳೀಯ ಸೌಕರ್ಯಕ್ಕೆಂದೇ ಪ್ರತ್ಯೇಕ ಹಣ ತೆಗೆದಿಡುವ ಪದ್ಧತಿ ಕಾನೂನಾಗಿ ಬಂದದ್ದು 1869ರಲ್ಲಿ. ಭೂಕಂದಾಯದ ಪ್ರತಿ ಒಂದು ರೂಪಾಯಿಗೆ ಒಂದಾಣೆ ಹೆಚ್ಚುವರಿ ಸೆಸ್ಸು. ಹದಿನಾರು ಆಣೆಗೆ ಒಂದು ರೂಪಾಯಿ ಆಗಿದ್ದ ಕಾಲ ಅದು, ಅಂದರೆ ಈಗಿನ ಲೆಕ್ಕದಲ್ಲಿ ಶೇ. 6.25. ಈ ಹಣದ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ಮುಖ್ಯವಾಗಿ ರಸ್ತೆಯಂಥ ಕೆಲಸಗಳಿಗೆ.

ಇದರ ಅರ್ಥ ಸ್ವಲ್ಪ ಯೋಚಿಸಿ ನೋಡಿ. ಡೆಪ್ಯೂಟಿ ಚನ್ನಬಸಪ್ಪನವರಂಥವರು ಧಾರವಾಡ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ಓಡಾಡಿದ ಕಾಲದಲ್ಲಿ, ಆ ಶಾಲೆಗಳ ಖರ್ಚಿನ ಒಂದು ಭಾಗವನ್ನು ಹೊತ್ತದ್ದು ಒಕ್ಕಲುತನ ಮಾಡುತ್ತಿದ್ದ ರೈತನ ಈ ಒಂದಾಣೆ. ರೈತ ಕೊಟ್ಟ ಹಣ ಅದೇ ಜಿಲ್ಲೆಯಲ್ಲಿ, ಕಣ್ಣಿಗೆ ಕಾಣುವ ಒಂದು ಕೆಲಸಕ್ಕೆ ಖರ್ಚಾಗಬೇಕು ಎಂಬ ತತ್ವ ಇಲ್ಲಿ ಮೊದಲ ಬಾರಿಗೆ ಬರಹದಲ್ಲಿ ಬಂತು. ಆದರೆ ಖರ್ಚು ಹೇಗೆ ಮಾಡಬೇಕು ಎಂದು ತೀರ್ಮಾನಿಸುವವರು ಕಲೆಕ್ಟರ್ ಸಾಹೇಬರು.

ಇದು ಉದಾರತನದಿಂದ ಬಂದದ್ದೂ ಅಲ್ಲ. 1857ರ ನಂತರ ಬ್ರಿಟಿಷ್ ಸರ್ಕಾರದ ಬೊಕ್ಕಸ ಬರಿದಾಗಿತ್ತು. 1870ರಲ್ಲಿ ವೈಸ್‌ರಾಯ್ ಮೇಯೋ ಶಿಕ್ಷಣ, ಆರೋಗ್ಯ, ರಸ್ತೆಗಳ ಹೊಣೆಯನ್ನು ಪ್ರಾಂತಗಳಿಗೆ ವರ್ಗಾಯಿಸಿದ್ದರ ಹಿಂದೆ ಈ ಹಣದ ಮುಗ್ಗಟ್ಟಿತ್ತು. ಹೊಣೆ ಕೆಳಕ್ಕೆ ಬಂತು, ಅದರ ಜೊತೆಗೆ ಸ್ಥಳೀಯ ತೆರಿಗೆಯೂ ಬಂತು. 1882ರ ಮೇ 18ರಂದು ಲಾರ್ಡ್ ರಿಪ್ಪನ್ ಹೊರಡಿಸಿದ ಠರಾವು ಒಂದು ಹೆಜ್ಜೆ ಮುಂದೆ ಹೋಯಿತು. ಸ್ಥಳೀಯ ಮಂಡಳಿಗಳಲ್ಲಿ ಸರ್ಕಾರಿ ಅಧಿಕಾರಿಗಳು ಮೂರನೆಯ ಒಂದು ಪಾಲಿಗಿಂತ ಹೆಚ್ಚಿರಬಾರದು ಎಂದಿತು. ಮುಂಬೈ ಮತ್ತು ಮದ್ರಾಸ್ ಎರಡೂ ಪ್ರಾಂತಗಳಲ್ಲಿ 1884ರಲ್ಲಿ ಲೋಕಲ್ ಬೋರ್ಡ್ ಕಾಯ್ದೆಗಳು ಬಂದವು. ಮಂಗಳೂರು, ಬಳ್ಳಾರಿ ಕಡೆಯವರಿಗೆ ಮದ್ರಾಸಿನ ಕಾಯ್ದೆ, ನಮ್ಮ ಕಡೆಯವರಿಗೆ ಮುಂಬೈಯದು. ಹಳೆಯ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಿತ್ತು. ದಸರಾ ಸಮಯದಲ್ಲಿ ತಾಲ್ಲೂಕುಗಳಿಂದ ಬಂದವರು ಕೆರೆ, ರಸ್ತೆ, ಶಾಲೆಗಳ ಅಹವಾಲು ಹೇಳಿಕೊಳ್ಳುತ್ತಿದ್ದರು. ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಆಡಳಿತದಲ್ಲಿ. ಅಲ್ಲಿ ಜಿಲ್ಲೆಯ ಹಣ ಹೆಚ್ಚುಕಡಿಮೆ ಅಧಿಕಾರಿಗಳ ಕೈಯಲ್ಲೇ ಉಳಿಯಿತು. ಕೊಡಗು ಪ್ರತ್ಯೇಕ.

ಹೀಗೆ ಕನ್ನಡಿಗರು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು, ಅವರ ಶಾಲೆ-ರಸ್ತೆ-ಆಸ್ಪತ್ರೆಗಳ ಲೆಕ್ಕವೂ ಬೇರೆ ಬೇರೆ ಪುಸ್ತಕಗಳಲ್ಲಿತ್ತು. ಒಂದೇ ಭಾಷೆಯ ಎರಡು ಜಿಲ್ಲೆಗಳ ನಡುವೆ ಇವತ್ತಿಗೂ ಕಾಣುವ ಅಂತರದ ಬೇರುಗಳಲ್ಲಿ ಇದೂ ಒಂದು.

ಏಕೀಕರಣದ ನಂತರ

1956ರ ನವೆಂಬರ್ 1ರಂದು ಹೊಸ ರಾಜ್ಯ ಹುಟ್ಟಿತು. ಐದು ಬಗೆಯ ಸ್ಥಳೀಯ ಆಡಳಿತವನ್ನು ಒಂದೇ ಚೌಕಟ್ಟಿಗೆ ತಂದದ್ದು 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ. ಹಳ್ಳಿಗೆ ಪಂಚಾಯಿತಿ, ತಾಲ್ಲೂಕಿಗೆ ತಾಲ್ಲೂಕು ಅಭಿವೃದ್ಧಿ ಮಂಡಳಿ. ಜಿಲ್ಲಾ ಮಟ್ಟದಲ್ಲಿ ಮಾತ್ರ ಡೆಪ್ಯೂಟಿ ಕಮಿಷನರ್ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು. ಅದು ಸಲಹೆ ಕೊಡಬಹುದಿತ್ತು, ಖರ್ಚು ಮಾಡುವ ಅಧಿಕಾರ ಇರಲಿಲ್ಲ. ನೀರಾವರಿ, ಶಿಕ್ಷಣ, ಆರೋಗ್ಯ ಇಲಾಖೆಗಳ ಹಣ ಬೆಂಗಳೂರಿನಿಂದ ನೇರವಾಗಿ ಆಯಾ ಇಲಾಖೆಯ ಜಿಲ್ಲಾ ಅಧಿಕಾರಿಗೆ ಹೋಗುತ್ತಿತ್ತು. 1963ರಲ್ಲಿ ಕೊಂಡಜ್ಜಿ ಬಸಪ್ಪ ಸಮಿತಿ ಜಿಲ್ಲೆಗೂ ಚುನಾಯಿತ ಪರಿಷತ್ತು ಬೇಕು ಎಂದಿತು. ಅದು ಕಡತದಲ್ಲೇ ಉಳಿಯಿತು.

ಆ ದಿನಗಳಲ್ಲಿ ಹೆಂಗಸರ ಸ್ಥಾನ ಎಲ್ಲಿತ್ತು? 1957ರ ಬಲವಂತರಾಯ್ ಮೆಹ್ತಾ ಸಮಿತಿ ಇಡೀ ದೇಶಕ್ಕೆ ಪಂಚಾಯತ್ ರಾಜ್ಯದ ನಕ್ಷೆ ಹಾಕಿಕೊಟ್ಟಿತು. ಅದರಲ್ಲಿ ಮಹಿಳೆಯರ ವಿಷಯ ಬಂದದ್ದು, ಸ್ತ್ರೀಯರು ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿಯಿರುವ ಇಬ್ಬರು ಮಹಿಳೆಯರನ್ನು ಸಹಸದಸ್ಯರನ್ನಾಗಿ ಸೇರಿಸಿಕೊಳ್ಳಬಹುದು ಎಂಬ ಸಲಹೆಯಲ್ಲಿ. ಇಡೀ ಸಭೆಗೆ ಇಬ್ಬರು, ಅದೂ ಇನ್ನೊಬ್ಬರು ಕರೆದರೆ. ಊರಿನ ನೀರು ಹೊರುವವರು, ಮಕ್ಕಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವವರು, ಶಾಲೆಗೆ ಕಳಿಸುವವರು ಹೆಂಗಸರು. ಈ ಮೂರೂ ಬಾಬ್ತಿನ ಹಣ ಹಂಚುವ ಮೇಜಿನ ಸುತ್ತ ಕೂತವರು ಗಂಡಸರು.

ನೀರ್ ಸಾಬರ ಕಾಯ್ದೆ

ಈ ಕಥೆಯ ಅತಿ ದೊಡ್ಡ ತಿರುವು 1983. ಆ ವರ್ಷ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಗ್ರಾಮೀಣಾಭಿವೃದ್ಧಿ ಸಚಿವರಾದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಪ್ರೀತಿಯಿಂದ ಅವರನ್ನು 'ನೀರ್ ಸಾಬ್' ಎಂದರು. ಅವರ ಇನ್ನೊಂದು ಕೆಲಸ ಬೋರ್‌ವೆಲ್‌ನಂತೆ ಕಣ್ಣಿಗೆ ಕಾಣುವುದಿಲ್ಲ. ಅದು ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ, ನ್ಯಾಯ ಪಂಚಾಯಿತಿಗಳ ಕಾಯ್ದೆ.

1983ರಲ್ಲಿ ವಿಧಾನಮಂಡಲದಲ್ಲಿ ಅಂಗೀಕಾರವಾದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಏಪ್ರಿಲ್ 1ರಿಂದ, ಅಂದರೆ ಹೊಸ ಆರ್ಥಿಕ ವರ್ಷದ ಮೊದಲ ದಿನದಿಂದ, ಜಿಲ್ಲಾ ಪರಿಷತ್ತುಗಳು ಕೆಲಸ ಆರಂಭಿಸಿದವು.

ಅಲ್ಲಿ ಬದಲಾದದ್ದು ಏನು? ಮೊದಲನೆಯದಾಗಿ, ಅಧಿಕಾರದ ಮೆಟ್ಟಿಲು. ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಎಂಬ ಹುದ್ದೆಯಲ್ಲಿ ಡೆಪ್ಯೂಟಿ ಕಮಿಷನರ್‌ಗಿಂತ ಹಿರಿಯರಾದ ಐಎಎಸ್ ಅಧಿಕಾರಿ. ನೂರು ವರ್ಷ ಕಲೆಕ್ಟರ್ ಕಚೇರಿಯ ಸುತ್ತ ಸುತ್ತಿದ ಜಿಲ್ಲೆಗೆ ಇದು ಸಣ್ಣ ಬದಲಾವಣೆಯಲ್ಲ. ಎರಡನೆಯದು, ಪ್ರಾಥಮಿಕ ಶಿಕ್ಷಣ, ಆರೋಗ್ಯ, ಪಶುವೈದ್ಯ, ಕುಡಿಯುವ ನೀರು, ಸಮಾಜ ಕಲ್ಯಾಣದಂಥ ಇಲಾಖೆಗಳ ಜಿಲ್ಲಾ ಮಟ್ಟದ ಕೆಲಸ ಮತ್ತು ಸಿಬ್ಬಂದಿ ಪರಿಷತ್ತಿನ ಅಧೀನಕ್ಕೆ ಬಂದವು.

ಮೂರನೆಯದು ಬಜೆಟ್ಟಿಗೆ ಸಂಬಂಧಿಸಿದ್ದು. ರಾಜ್ಯದ ಆಯವ್ಯಯವನ್ನು ಎರಡಾಗಿ ಸೀಳಿದರು. ಬೆಂಗಳೂರೇ ನಡೆಸುವ ಕಾರ್ಯಕ್ರಮಗಳು 'ರಾಜ್ಯ ವಲಯ', ಜಿಲ್ಲೆಗಳು ನಡೆಸುವವು 'ಜಿಲ್ಲಾ ವಲಯ'. ಯಾವ ಜಿಲ್ಲೆಗೆ ಯಾವ ಬಾಬ್ತಿಗೆ ಎಷ್ಟು ಎಂಬುದನ್ನು 'ಲಿಂಕ್ ಡಾಕ್ಯುಮೆಂಟ್' ಎಂಬ ಪ್ರತ್ಯೇಕ ಸಂಪುಟದಲ್ಲಿ ಕೊಡುತ್ತಾರೆ. ಈ ಪದ್ಧತಿ ಆಮೇಲೂ ಉಳಿದುಕೊಂಡಿತು. ಇಂದು ಅದು ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ನಾಲ್ಕನೆಯದು ನಮಗೆ ನೇರವಾಗಿ ಸೇರಿದ್ದು. ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಶೇ. 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಯಾರೋ ಕರೆದು ಕೂರಿಸುವ ಇಬ್ಬರು ಸಹಸದಸ್ಯೆಯರ ಬದಲು, ಮತ ಕೇಳಿ ಗೆದ್ದು ಬಂದ ಸಾವಿರಾರು ಹೆಂಗಸರು. ದೇಶಮಟ್ಟದಲ್ಲಿ ಶೇ. 30ರಷ್ಟು ಮಹಿಳಾ ಮೀಸಲಾತಿಯ ಪ್ರಸ್ತಾಪವಿದ್ದ 64ನೇ ತಿದ್ದುಪಡಿ ಮಸೂದೆ ಬಂದದ್ದು 1989ರಲ್ಲಿ. ಅದೂ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಕರ್ನಾಟಕದ ಹೆಂಗಸರು ಆ ಹೊತ್ತಿಗೆ ಎರಡು ವರ್ಷದ ಅನುಭವ ಪಡೆದಿದ್ದರು.

ಯಾದಿ ಓದಿಸಿ ಕೇಳಿದವಳು

ಆ ಸಾವಿರಾರು ಮಂದಿಯಲ್ಲಿ ನನ್ನ ಸೋದರತ್ತೆಯೂ ಒಬ್ಬಳು. ರೋಣ ತಾಲ್ಲೂಕಿನ ಹಳ್ಳಿಗೆ ಮದುವೆಯಾಗಿ ಹೋದವಳು, ಓದಿದ್ದು ನಾಲ್ಕನೇ ಇಯತ್ತೆ. ಮೀಸಲು ಸ್ಥಾನಕ್ಕೆ ಹೆಂಗಸೊಬ್ಬಳು ಬೇಕಾಗಿದ್ದಳು ಎಂಬ ಕಾರಣಕ್ಕೆ ಊರ ಹಿರಿಯರು ಇವಳ ಹೆಸರು ಬರೆಸಿದರು. ಮಂಡಲ ಪಂಚಾಯಿತಿ ಸಭೆಯಲ್ಲಿ ಬಾಗಿಲ ಹತ್ತಿರದ ಕುರ್ಚಿ. ಪುಸ್ತಕ ಮುಂದೆ ಬಂದರೆ ಸಹಿ.

"ಮೊದಲ ಎರಡ ವರ್ಷ ನಾ ಬರೇ ಸಹಿ ಮಾಡೀನಿ ನೋಡವಾ" ಎಂದು ನನಗೆ ಹೇಳಿದ್ದಳು. "ಮೂರನೇ ವರ್ಷ ಒಂದಿನ ಅಂದೆ, ಯಾದಿ ಓದ್ರಿ, ಕೇಳಿ ಸಹಿ ಮಾಡ್ತೀನಿ ಅಂತ. ಎಲ್ಲಾರೂ ಮಾರಿ ಮಾರಿ ನೋಡಿದ್ರು."

ಓದಿದ ಯಾದಿಯಲ್ಲಿ ಆ ವರ್ಷದ ಬೋರ್‌ವೆಲ್ ಬಸ್‌ಸ್ಟ್ಯಾಂಡಿನ ಹತ್ತಿರ ಎಂದಿತ್ತು. ಅಲ್ಲಿ ಚಹಾದಂಗಡಿಗಳಿದ್ದವು, ಮನೆಗಳಿರಲಿಲ್ಲ. ಊರೊಳಗಿನ ಬಾವಿಯದು ಸವಳು ನೀರು. ಹೆಂಗಸರು ಕುಡಿಯುವ ನೀರಿಗೆ ಊರಾಚೆಯ ಕೆರೆಗೆ ನಡೆಯುತ್ತಿದ್ದರು. ನಮ್ಮತ್ತೆ ಜಾಗ ಬದಲಿಸುವ ತನಕ ಸಹಿ ಮಾಡಲಿಲ್ಲ. ಒಂದು ಸಹಿ ಇಲ್ಲದಿದ್ದರೆ ಠರಾವು ಬಿದ್ದುಹೋಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತಂತೆ. ಆದರೆ ಅವಳ ಜೊತೆ ಇನ್ನಿಬ್ಬರು ಸದಸ್ಯೆಯರು ಪೆನ್ನು ಕೆಳಗಿಟ್ಟರು. ಬೋರ್‌ವೆಲ್ ಓಣಿಗೆ ಬಂತು.

ಹಣ ಅಷ್ಟೇ, ಕಾಯ್ದೆ ಅದೇ, ಊರೂ ಅದೇ. ಯಾದಿ ಓದುವಾಗ ಅಲ್ಲಿ ಕೂತಿದ್ದವರು ಬೇರೆಯಾಗಿದ್ದರಿಂದ ಬೋರ್‌ವೆಲ್ ಕೊರೆದ ಜಾಗ ಬೇರೆಯಾಯಿತು. ಸ್ಥಳೀಯ ಬಜೆಟ್ಟಿನ ಬಗ್ಗೆ ನಾನು ಆಮೇಲೆ ಓದಿದ ಯಾವ ವರದಿಯೂ ಇದನ್ನು ಇಷ್ಟು ಸರಳವಾಗಿ ಹೇಳಿಲ್ಲ.

1988ರಲ್ಲಿ ನಜೀರ್ ಸಾಬರು ತೀರಿಕೊಂಡರು. 1992ರ ಆರಂಭದಲ್ಲಿ ಐದು ವರ್ಷದ ಅವಧಿ ಮುಗಿಯಿತು. ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. "ಆಮ್ಯಾಲೆ ಯಾರೂ ಕರೀಲಿಲ್ಲ" ಎಂದಳು ಅತ್ತೆ. ಯಾದಿ ಓದಿಸಿ ಕೇಳುವುದನ್ನು ಕಲಿತ ಹೊತ್ತಿಗೆ ಯಾದಿ ಮತ್ತೆ ಅಧಿಕಾರಿಯ ಟೇಬಲ್ಲಿಗೆ ಹೋಗಿತ್ತು.

ಸಂವಿಧಾನದ ಬಲ, ಹಣದ ಕಟ್ಟು

ಹೀಗೆ ಸರ್ಕಾರದ ಮನಸ್ಸಿಗೆ ತಕ್ಕಂತೆ ಚುನಾವಣೆ ಮುಂದೂಡುವುದನ್ನು ತಪ್ಪಿಸಲೆಂದೇ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ, ಸದಸ್ಯ ಸ್ಥಾನ ಮತ್ತು ಅಧ್ಯಕ್ಷ ಸ್ಥಾನ ಎರಡರಲ್ಲೂ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಮಹಿಳೆಯರು, ಹಣ ಹಂಚಿಕೆಗೆ ರಾಜ್ಯ ಹಣಕಾಸು ಆಯೋಗ. 74ನೇ ತಿದ್ದುಪಡಿಯ ಮೂಲಕ ಜಿಲ್ಲಾ ಯೋಜನಾ ಸಮಿತಿಯೂ ಬಂತು. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಿ ಜಿಲ್ಲೆಗೆ ಒಂದೇ ಯೋಜನೆ ಮಾಡುವುದು ಅದರ ಕೆಲಸ. ಅದರ ಸದಸ್ಯರಲ್ಲಿ ಐದನೆಯ ನಾಲ್ಕು ಪಾಲು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆ-ನಗರಸಭೆಗಳ ಚುನಾಯಿತರಿಂದಲೇ ಬರಬೇಕು.

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಅದೇ ವರ್ಷ ಮೇ 10ರಂದು ಜಾರಿಯಾಯಿತು. ಪರಿಷತ್ತು 'ಜಿಲ್ಲಾ ಪಂಚಾಯಿತಿ'ಯಾಯಿತು. 2010ರಲ್ಲಿ ಮಹಿಳಾ ಮೀಸಲಾತಿ ಶೇ. 50ಕ್ಕೆ ಏರಿತು. ನಾವಿರುವ ಮಹಾರಾಷ್ಟ್ರವೂ 2011ರಲ್ಲಿ ಅದನ್ನೇ ಮಾಡಿತು.

ಆದರೆ ಕುರ್ಚಿ ಸಿಕ್ಕ ಮೇಲೆ ಹೆಂಗಸರು ಕಂಡದ್ದು ಇನ್ನೊಂದು ಗೋಡೆ. ಲಿಂಕ್ ಡಾಕ್ಯುಮೆಂಟ್ ತೆರೆದರೆ ಅದು ಕಾಣುತ್ತದೆ. ಅಲ್ಲಿನ ಸಾಲುಗಳಿಗೆ ಲೆಕ್ಕಶೀರ್ಷಿಕೆಯ ಸಂಖ್ಯೆಗಳಿವೆ. 2202 ಎಂದರೆ ಸಾಮಾನ್ಯ ಶಿಕ್ಷಣ, 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ, 2215 ನೀರು ಸರಬರಾಜು ಮತ್ತು ನೈರ್ಮಲ್ಯ, 2236 ಪೌಷ್ಟಿಕ ಆಹಾರ. ಇಡೀ ದೇಶಕ್ಕೆ ಇದೇ ಸಂಖ್ಯೆಗಳು. ಒಮ್ಮೆ ಗುರುತಿಟ್ಟುಕೊಂಡರೆ ಮಹಾರಾಷ್ಟ್ರದ್ದೋ ತೆಲಂಗಾಣದ್ದೋ ಬಜೆಟ್ ಪುಸ್ತಕವನ್ನೂ ಓದಬಹುದು. ಜಿಲ್ಲೆಯ ಒಟ್ಟು ಮೊತ್ತ ನೂರಾರು ಕೋಟಿಯಲ್ಲಿರುತ್ತದೆ. ಇಷ್ಟೊಂದು ಹಣವೇ ಎಂದು ಹುಬ್ಬೇರಿಸಿ ಸಾಲು ಸಾಲಾಗಿ ಇಳಿದರೆ ದೊಡ್ಡ ಪಾಲು ಸಂಬಳದ್ದು, ಅದರಲ್ಲೂ ಶಿಕ್ಷಕರದ್ದು. ಉಳಿದದ್ದರಲ್ಲಿ ಬಹುಭಾಗ ಇಂಥ ಯೋಜನೆಗೇ ಎಂದು ಮೇಲಿನಿಂದ ಕಟ್ಟಿಕೊಟ್ಟ ಗಂಟು. ವಿದ್ಯಾರ್ಥಿವೇತನಕ್ಕೆ ಬಂದದ್ದನ್ನು ಹಾಸ್ಟೆಲ್ ನೀರಿಗೆ ಖರ್ಚು ಮಾಡುವಂತಿಲ್ಲ. ಜಿಲ್ಲೆ ತನ್ನ ಬುದ್ಧಿಯಿಂದ ತೀರ್ಮಾನಿಸಬಹುದಾದ ಹಣ ಕೊನೆಗೆ ಬಹಳ ಸಣ್ಣದು.

ಮನೆಯ ಉದಾಹರಣೆ ಕೊಡುವುದಾದರೆ, ತಿಂಗಳಿಗೆ ಲಕ್ಷ ರೂಪಾಯಿ ಕೈಗೆ ಕೊಟ್ಟು, ಅದರಲ್ಲಿ ಬಾಡಿಗೆ ಇಷ್ಟು, ಸಾಲದ ಕಂತು ಇಷ್ಟು, ಅಕ್ಕಿ ಈ ಅಂಗಡಿಯಿಂದಲೇ, ಬೇಳೆ ಇಷ್ಟೇ ಕಿಲೋ ಎಂದು ಚೀಟಿ ಬರೆದಿಟ್ಟು, 'ಮನೆಯ ಯಜಮಾನಿಕೆ ನಿನ್ನದೇ' ಎಂದರೆ ಹೇಗೋ ಹಾಗೆ. ಸಾಸಿವೆ ಡಬ್ಬಿಯಲ್ಲಿ ಉಳಿದ ಚಿಲ್ಲರೆಯಷ್ಟೇ ಅವಳ ಸ್ವಾತಂತ್ರ್ಯ.

ಬೇರೆ ದಾರಿಯೂ ಇತ್ತು ಎಂದು ತೋರಿಸಿದ್ದು ಪಕ್ಕದ ಕೇರಳ. 1996ರ ಆಗಸ್ಟ್‌ನಲ್ಲಿ ಆರಂಭವಾದ ಜನಯೋಜನೆಯಲ್ಲಿ ರಾಜ್ಯದ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಅದರ ದೊಡ್ಡ ಭಾಗಕ್ಕೆ ಚೀಟಿ ಕಟ್ಟಿರಲಿಲ್ಲ. ಜೊತೆಗೆ, ಸ್ಥಳೀಯ ಯೋಜನೆಯ ಹಣದಲ್ಲಿ ಕನಿಷ್ಠ ಶೇ. 10 ಮಹಿಳೆಯರಿಗಾಗಿ ಎಂಬ ನಿಯಮ. ಕುರ್ಚಿ ಕೊಡುವುದರಲ್ಲಿ ಕರ್ನಾಟಕ ಮುಂದಿತ್ತು, ಕೈಗೆ ಹಣ ಕೊಡುವುದರಲ್ಲಿ ಕೇರಳ.

ಕರ್ನಾಟಕ ಸುಮ್ಮನೆ ಕೂತಿತ್ತು ಎನ್ನಲಾಗದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಆಗಿನ 175 ತಾಲ್ಲೂಕುಗಳನ್ನು ಅಳೆದು ತೂಗಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಐದು ಆಡಳಿತಗಳ ಹಳೆಯ ಅಂತರ ಇಲ್ಲಿ ಅಂಕಿಯಾಗಿ ನಿಂತಿತು. 2007-08ರಿಂದ ಬಜೆಟ್ಟಿನೊಂದಿಗೆ ಮಹಿಳಾ ಉದ್ದೇಶಿತ ವೆಚ್ಚದ ಪ್ರತ್ಯೇಕ ದಾಖಲೆ ಬಂತು. ಗ್ರಾಮ ಪಂಚಾಯಿತಿಯ ಲೆಕ್ಕಕ್ಕೆ 'ಪಂಚತಂತ್ರ', ಕಾಮಗಾರಿಗಳ ನಿಗಾಕ್ಕೆ 'ಗಾಂಧಿ ಸಾಕ್ಷಿ ಕಾಯಕ' ಎಂಬ ತಂತ್ರಾಂಶಗಳು ಬಂದವು. ನನ್ನ ವೃತ್ತಿಯವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇವನ್ನೂ ಸೇರಿಸುತ್ತೇನೆ. ಆದರೆ ತಂತ್ರಾಂಶ ಖರ್ಚಾದ ಹಣವನ್ನು ತೋರಿಸುತ್ತದೆ. ಬೋರ್‌ವೆಲ್ ಬಸ್‌ಸ್ಟ್ಯಾಂಡಿಗೋ ಓಣಿಗೋ ಎಂದು ಕೇಳುವುದು ಅದರ ಕೆಲಸವಲ್ಲ.

ಆ ಪ್ರಶ್ನೆ ಕೇಳುವ ಜಾಗ ಗ್ರಾಮಸಭೆ. 2015ರ ತಿದ್ದುಪಡಿಯ ನಂತರ ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಬೇಡಿಕೆ ಮೇಲಕ್ಕೆ ಬರಬೇಕು. ಅದೇ ವರ್ಷದಿಂದ 14ನೇ ಹಣಕಾಸು ಆಯೋಗದ ಹಣ ನೇರವಾಗಿ ಗ್ರಾಮ ಪಂಚಾಯಿತಿಗಳಿಗೆ ಹೋಗತೊಡಗಿತು. ಪ್ರತಿ ಪಂಚಾಯಿತಿಯೂ ತನ್ನದೇ ಅಭಿವೃದ್ಧಿ ಯೋಜನೆ ಮಾಡಬೇಕೆಂಬ ನಿಯಮ ಬಂತು. 15ನೇ ಆಯೋಗ ಮೂರೂ ಹಂತಗಳಿಗೆ ಹಣ ಕೊಟ್ಟು, ಅದರ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ನೀರು ಹೊರುವವರ ದೃಷ್ಟಿಯಿಂದ ಇದು ಒಳ್ಳೆಯ ಗಂಟೇ ಸರಿ.

ಖಾಲಿ ಕುರ್ಚಿಯ ಶೇ. 50

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಅದರ ನಂತರ ವರ್ಷಗಳೇ ಚುನಾವಣೆ ಇಲ್ಲದೆ ಕಳೆದವು, ಮತ್ತೆ ಆಡಳಿತಾಧಿಕಾರಿಗಳು. ಸಂವಿಧಾನವೇ ಕಡ್ಡಾಯ ಎಂದದ್ದು ಹೀಗಾಯಿತು. ಜಿಲ್ಲೆಯ ಬಜೆಟ್ ಪ್ರತಿ ವರ್ಷವೂ ಬಂತು, ಲಿಂಕ್ ಡಾಕ್ಯುಮೆಂಟ್ ಅಚ್ಚಾಯಿತು, ಕ್ರಿಯಾ ಯೋಜನೆಗಳು ಮಂಜೂರಾದವು. ಆ ಸಭೆಗಳಲ್ಲಿ ಅರ್ಧದಷ್ಟು ಇರಬೇಕಾಗಿದ್ದ ಹೆಂಗಸರು ಮಾತ್ರ ಇರಲಿಲ್ಲ. ಐದನೆಯ ನಾಲ್ಕು ಪಾಲು ಚುನಾಯಿತರಿರಬೇಕಾದ ಜಿಲ್ಲಾ ಯೋಜನಾ ಸಮಿತಿಗೆ ಜಿಲ್ಲಾ ಪಂಚಾಯಿತಿಯಿಂದ ಆರಿಸಿ ಕಳಿಸಲು ಯಾರೂ ಇಲ್ಲದಾಯಿತು.

ಇದು ಹಳ್ಳಿಯ ವಿಷಯ, ನಾವು ನಗರದವರು ಎಂದು ಪಕ್ಕಕ್ಕಿಡುವಂತಿಲ್ಲ. ಚೆನ್ನೈ ಮಹಾನಗರಪಾಲಿಕೆಗೆ 2016ರಿಂದ 2022ರವರೆಗೆ ಚುನಾಯಿತ ಸಭೆಯೇ ಇರಲಿಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಮುಂಬೈ, ಪುಣೆ ಎರಡರದ್ದೂ 2022ರ ಮಾರ್ಚ್‌ನಲ್ಲಿ ಮುಗಿದು, ಆಮೇಲೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಕೋಟಿಯ ಬಜೆಟ್ಟನ್ನು ಆಡಳಿತಾಧಿಕಾರಿಗಳೇ ಮಂಡಿಸಿ ಆಡಳಿತಾಧಿಕಾರಿಗಳೇ ಒಪ್ಪಿದರು. ಆ ಅಧಿಕಾರಿಗಳಲ್ಲಿ ಪ್ರಾಮಾಣಿಕರು, ದಕ್ಷರು ಇದ್ದಿರಬಹುದು. ಕೆಲಸ ಬೇಗ ಆಗುತ್ತದೆ ಎನ್ನುವವರೂ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಓಣಿಯ ಹೆಂಗಸು ಹೋಗಿ 'ಯಾದಿ ಓದ್ರಿ' ಎನ್ನಲು ಒಬ್ಬ ಸದಸ್ಯೆಯಾದರೂ ಇರಬೇಕಲ್ಲ? ಮೀಸಲಾತಿಯ ಬಗ್ಗೆ ನಾವು ದಶಕಗಟ್ಟಲೆ ವಾದಿಸಿದ್ದೇವೆ. ಶೇ. 25, 33, 50 ಎಂದು ಏಣಿ ಹತ್ತಿದ್ದೇವೆ. ಚುನಾವಣೆಯೇ ನಡೆಯದಿದ್ದರೆ ಸೊನ್ನೆಯ ಶೇ. 50 ಎಷ್ಟು ಎಂದು ಲೆಕ್ಕ ಹಾಕಲು ಎಂಟೆಕ್ ಬೇಕಾಗಿಲ್ಲ.

ನಮ್ಮಿಂದ ಆಗುವುದು

ಇತಿಹಾಸ ಓದಿ ನಿಟ್ಟುಸಿರು ಬಿಟ್ಟು ಪುಟ ತಿರುವುದಕ್ಕಿಂತ ನಾವು ಕೂತಲ್ಲಿಂದಲೇ ಮಾಡಬಹುದಾದ ಕೆಲವು ಕೆಲಸಗಳಿವೆ.

ಪುಣೆ ಮಹಾನಗರಪಾಲಿಕೆ 2006ರಿಂದ ನಾಗರಿಕರ ಸಹಭಾಗಿತ್ವದ ಬಜೆಟ್ ಪದ್ಧತಿ ನಡೆಸುತ್ತಿದೆ. ನಮ್ಮ ಭಾಗದಲ್ಲಿ ಆಗಬೇಕಾದ ಸಣ್ಣ ಕೆಲಸಗಳನ್ನು, ಅಂದರೆ ಫುಟ್‌ಪಾತ್, ಬೀದಿದೀಪ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯದಂಥವನ್ನು, ಅರ್ಜಿ ನಮೂನೆಯಲ್ಲಿ ಸೂಚಿಸಬಹುದು. ಅರ್ಜಿ ಕೊಡುವ ಕಾಲ ಬಂದಾಗ ನಮ್ಮ ವೇದಿಕೆಯ ಸದಸ್ಯೆಯರು ತಮ್ಮ ತಮ್ಮ ಬಡಾವಣೆಯಿಂದ ತಲಾ ಒಂದು ಅರ್ಜಿ ಕೊಟ್ಟರೂ ಒಳ್ಳೆಯ ಆರಂಭ. ಸಂಜೆ ಏಳರ ನಂತರ ನಾವು ನಡೆಯಲು ಅಂಜುವ ರಸ್ತೆಗಳು ಯಾವುವು ಎಂದು ನಮಗಿಂತ ಚೆನ್ನಾಗಿ ಯಾವ ಎಂಜಿನಿಯರಿಗೂ ಗೊತ್ತಿಲ್ಲ.

ಎರಡನೆಯದು, ಊರಿಗೆ ಹೋದಾಗ ಗ್ರಾಮ ಪಂಚಾಯಿತಿ ಕಚೇರಿಗೆ ಒಮ್ಮೆ ಕಾಲಿಡಿ. ಗ್ರಾಮಸಭೆ ಯಾವಾಗ, ಈ ವರ್ಷದ ಯೋಜನೆಯಲ್ಲಿ ಏನಿದೆ ಎಂದು ಪಿಡಿಒ ಅವರನ್ನು ಕೇಳಿ. ಅಲ್ಲಿ ಮತ ಇಲ್ಲದ ನಾವು ಠರಾವು ಮಾಡಲಾರೆವು. ಆದರೆ ಅಲ್ಲೇ ಇರುವ ಅತ್ತಿಗೆ, ಚಿಕ್ಕಮ್ಮ, ಬಾಲ್ಯದ ಗೆಳತಿಗೆ ಆ ಯೋಜನೆಯ ಪ್ರತಿಯನ್ನು ಫೋನಿನಲ್ಲಿ ಇಳಿಸಿ ತೋರಿಸುವಷ್ಟು ನಮಗೆ ಬರುತ್ತದೆ. ಕಾಮಗಾರಿಯ ಹೆಸರು, ಜಾಗ, ಮೊತ್ತ ಎಲ್ಲ ಕನ್ನಡದಲ್ಲಿ ಓದಿ ಹೇಳಬಹುದು.

ಮೂರನೆಯದು, ಲಿಂಕ್ ಡಾಕ್ಯುಮೆಂಟಿನಲ್ಲಿ ನಿಮ್ಮ ತವರಿನ ಜಿಲ್ಲೆ, ಗಂಡನ ಮನೆಯ ಜಿಲ್ಲೆ ಎರಡನ್ನೂ ತೆರೆದು 2215ರ ಸಾಲನ್ನು ಹೋಲಿಸಿ ನೋಡಿ. ಮುಂದಿನ ಸಭೆಯಲ್ಲಿ ಆಸಕ್ತರು ಲ್ಯಾಪ್‌ಟಾಪ್ ತಂದರೆ ಒಟ್ಟಿಗೆ ಕೂತು ಓದೋಣ. ಒಂದು ಗಂಟೆ ಸಾಕು, ಚಹಾ ನನ್ನ ಕಡೆಯಿಂದ.